ಕೂಸು ಯಾರ ಪಾಲಿಗೆ

ನೆಸ್, ಲೂಯಿಸ್ ದ್ವೀಪ
13 ಮಾರ್ಚ್ 1882, ಸೋಮವಾರ

ನನ್ನ ಕಂದಾ ಟೊರ್ಮೊಡ್,

ನಿನ್ನ ಕೆಮ್ಮು ಹೇಗಿದೆ? ಹಡಗಿನ ಅಡುಗೆಯವನು ಗಂಜಿಯನ್ನಾದರೂ ಬಿಸಿಯಾಗಿ ಕೊಡುತ್ತಾನೋ ಇಲ್ಲವೋ. ನಾನು ಹೆಣೆದ ಉಣ್ಣೆಯ ಅಂಗಿ ಹಾಕಿಕೋ, ಪೆಟ್ಟಿಗೆಯಲ್ಲಿ ಬಿದ್ದಿದ್ದರೆ ಅದು ಎದೆಯನ್ನು ಬೆಚ್ಚಗಿಡುವುದಿಲ್ಲ. ಇಲ್ಲಿ ಮೈಗೇನೂ ಧಾಡಿಯಿಲ್ಲ, ಮನೆಯೇ ಎರಡು ಹೋಳಾಗಿದೆ.

ನಿನ್ನ ಕೂಸು ಪೆಗಿ ದೀಕ್ಷಾಸ್ನಾನಕ್ಕೂ ಮೊದಲೇ ತೀರಿಕೊಂಡ ಸುದ್ದಿ ಹೋದ ಕಾಗದದಲ್ಲಿ ತಲುಪಿರಬೇಕು. ಆಮೇಲಿನದನ್ನು ನಾನು ಬರೆದಿರಲಿಲ್ಲ. ಮಣ್ಣು ಮಾಡಿ ಬಂದ ಸಂಜೆ ನಿನ್ನ ಹೆಂಡತಿ ಓಯ್ರಿಕ್ ನಿಮ್ಮಪ್ಪನನ್ನು ಕೇಳಿದಳು, "ಮಾವಾ, ನನ್ನ ಕೂಸು ದೇವರ ಹತ್ರ ಇದೆಯಾ?" ಚರ್ಚಿನ ಸಭೆಯ ಹಿರಿಯರಲ್ಲವೇ, ಸಮಾಧಾನಕ್ಕೂ ಒಂದು ಸುಳ್ಳು ಬಾಯಿಗೆ ಬಾರದು. "ಲೋಕ ಹುಟ್ಟೋಕೆ ಮುಂಚೇನೇ ದೇವರು ತನ್ನೋರನ್ನ ಆರಿಸ್ಕೊಂಡಿದಾನಮ್ಮಾ. ಯಾರ್ಯಾರು ಅನ್ನೋದು ಮನುಷ್ಯನ ಬುದ್ಧಿಗೆ ಎಟುಕೋದಲ್ಲ" ಎಂದರು. ಅವಳು ಬಿಡುವವಳೇ? "ಎಟುಕೋದಿಲ್ಲ ಅಂದ್ರೆ ಇಲ್ಲ ಅನ್ನೋಕೂ ಎಟುಕಬಾರದು ತಾನೇ? ಕುಡುಕ ಫಿನ್ಲೆ ಸತ್ತಾಗ ಅವನು ದೇವರೋನಲ್ಲ ಅಂತ ತಲೆ ಅಲ್ಲಾಡಿಸಿದ್ರಲ್ಲ, ಆಗ ಹೆಂಗೆ ಎಟುಕ್ತು?" ನಿಮ್ಮಪ್ಪ ಊಟ ಬಿಟ್ಟು ಎದ್ದರು. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ನಾಳೆ ಅವಳು ತವರಿಗೆ ಹೊರಟಿದ್ದಾಳೆ. "ನನ್ನ ಕೂಸಿಗೆ ಜಾಗ ಇಲ್ಲದ ಮನೇಲಿ ನನಗೂ ಬೇಡ ಅತ್ತೆ" ಎನ್ನುತ್ತಾಳೆ. ಹೋದರೆ ತಿರುಗಿ ಬರುವ ಜಾತಿಯಲ್ಲ ಅವಳು, ನಿನಗೇ ಗೊತ್ತು. ನನಗೆ ಇಬ್ಬರ ಮೇಲೂ ಸಿಟ್ಟು. ದೇವರ ಮೇಲೂ ಒಂಚೂರು ಇದೆ, ಅವನು ಕ್ಷಮಿಸಲಿ.

ಇದರ ಮಧ್ಯೆ ಚರ್ಚಿನಲ್ಲಿ ಕರ್ತನ ಭೋಜನದ ವಾರ ಬಂತು. ಶುಕ್ರವಾರ ದೇವರು ಆರಿಸಿಕೊಂಡವರ ಗುರುತುಗಳೇನು ಎಂದು ಗಂಡಸರು ಒಬ್ಬೊಬ್ಬರಾಗಿ ಎದ್ದು ಹೇಳಿದರು. ಪ್ರತಿ ವರ್ಷ ಜನ ಕಾಯುವುದು ನಿಮ್ಮಪ್ಪನ ಮಾತಿಗೆ. ಪಾದ್ರಿಗಳು ಹೆಸರು ಕರೆದರು. ಎದ್ದು, ಮುಂದಿನ ಬೆಂಚು ಹಿಡಿದು ನಿಂತರು. "ನನ್ನ ಹತ್ರ ಹೇಳೋಕೆ ಏನೂ ಇಲ್ಲ" ಎಂದು ಕುಳಿತುಬಿಟ್ಟರು. ಭಾನುವಾರ, ಆರಿಸಲ್ಪಟ್ಟವರಷ್ಟೇ ಕೂರುವ ಕರ್ತನ ರೊಟ್ಟಿಯ ಮೇಜಿಗೆ ಅವರು ಮೊದಲು ಏಳಲಿ ಎಂದು ಎಲ್ಲರೂ ಕಾದರು. ಏಳಲಿಲ್ಲ ಕಣೋ. ಹಿಂದಿನ ಸಾಲಿನಲ್ಲಿ ಗುಸುಗುಸು ಶುರುವಾಯಿತು. ತಾನೇ ಆರಿಸಲ್ಪಟ್ಟವನಲ್ಲ ಎಂದುಕೊಂಡರೋ ಏನೋ ಎಂದು ನಾನು ಹೆದರಿದೆ. ಮನೆಗೆ ಬರುವ ದಾರಿಯುದ್ದಕ್ಕೂ ಕೇಳುವ ಧೈರ್ಯ ನನಗೆ ಬರಲಿಲ್ಲ.

ಓಯ್ರಿಕ್‌ಗೆ ನೀನೇ ಒಂದು ಸಾಲು ಬರೆ. ಕಡಲು ನಿನ್ನನ್ನು ಕಾಯಲಿ, ಕಡಲನ್ನು ಮಾಡಿದವನು ಇನ್ನೂ ಚೆನ್ನಾಗಿ ಕಾಯಲಿ.

ನಿನ್ನ ಅಮ್ಮ,
ಬೆಹಾಗ್

ಅವಸರದಲ್ಲಿ: ಕಾಗದ ಮಡಚುತ್ತಿದ್ದೆ, ನಿಮ್ಮಪ್ಪ ಬಂದು ಎದುರಿಗೆ ಕುಳಿತರು. "ಕೂಸು ದೇವರ ಹತ್ರ ಇದೆ ಅಂತ ಬರಿ" ಎಂದರು. "ನಿಮಗೆ ಗೊತ್ತಾಯ್ತಾ?" ಎಂದೆ. "ಇಲ್ಲ. ಆದ್ರೂ ಬರಿ." ಬರೆದಿದ್ದೇನೆ. "ನನಗೆ ಹೇಳಿ ಏನು ಬಂತು? ಕೇಳಿದೋಳು ಬಾವಿಯಿಂದ ನೀರು ತರೋಕೆ ಹೋಗಿದಾಳೆ" ಎಂದೆ. ಈ ಗಾಳಿಯಲ್ಲಿ ಟೋಪಿಯನ್ನೂ ಹಾಕಿಕೊಳ್ಳದೆ ಬಾವಿಯತ್ತ ಹೋದರು. ಇಬ್ಬರೂ ಇನ್ನೂ ಬಂದಿಲ್ಲ.