ಭಾವನ ಮೂಗು

ಮಂಗಳವಾರ, ಜೂನ್ ೧೦

ನಮ್ಮೂರ ಕೊಳಚೆ ನೀರು ಶುದ್ಧೀಕರಣ ಘಟಕದಲ್ಲಿ ವಿಷಾನಿಲ ಪತ್ತೆಹಚ್ಚುವ ಅಧಿಕೃತ ಉಪಕರಣ ಒಂದೇ: ಅಕ್ಕನ ಗಂಡನ ಘನವೆತ್ತ ಮೂಗು. ಬೆಳಿಗ್ಗೆ ತೊಟ್ಟಿಯ ಮುಚ್ಚಳ ತೆಗೆದು, ಬಗ್ಗಿ ಮೂಸಿ, "ವಾಸನೆ ಹೋಯ್ತು ಕಣಯ್ಯ, ಇಳೀತೀನಿ" ಎಂದರು. ಅಂಗಿ ಹಿಡಿದೆಳೆದೆ.

"ಭಾವ, ನನಗಿಲ್ಲಿ ವಾಂತಿ ಬರ್ತಿದೆ!"

"ಪತ್ರಕರ್ತ ನೀನು, ನಿನ್ನ ಮೂಗು ಪೇಪರಿಗೆ ಸುದ್ದಿ ಮೂಸೋಕಷ್ಟೇ ಲಾಯಕ್ಕು" ಎಂದು ನಕ್ಕು, ತೊಟ್ಟಿಯ ತಳದಲ್ಲಿ ಕಟ್ಟಿಕೊಂಡ ಪೈಪು ಬಿಡಿಸುವುದನ್ನು ನಾಳೆಗೆ ಮುಂದೂಡಿದರು.

ರಾತ್ರಿ ಅಕ್ಕ ಹಾಲು ತಳ ಹಿಡಿಸಿದಳು. ಮನೆಯೆಲ್ಲ ಸೀದ ವಾಸನೆ. ಭಾವ ಅದನ್ನೇ ಕುಡಿದು, "ಇವತ್ತು ಚೆನ್ನಾಗಿ ಕಾಸಿದ್ದೀಯ" ಎಂದು ಹೊಗಳಿದರು. ಅಕ್ಕ ನನ್ನ ಮುಖ ನೋಡಿದಳು. ಉಪಕರಣ ಕೆಟ್ಟಿದೆ.

ನಾಳೆ ಭಾವ ತೊಟ್ಟಿಗೆ ಇಳಿಯದಿರಲೆಂದು ಈಗಷ್ಟೇ ಅವರ ಬೂಟುಗಳನ್ನು ತಂದು ನನ್ನ ಮಂಚದಡಿ ತಳ್ಳಿ ಹೋದಳು. ಪಾಪ, ಬರಿಗಾಲಲ್ಲೂ ಇಳಿಯುವ ಮನುಷ್ಯ ಅವರು.