ಮೂವತ್ತೊಂದಿಲ್ಲದ ತಿಂಗಳುಗಳು

22 ಜುಲೈ 2006, ಶನಿವಾರ, ಮಾಲೂರು

ರಜೆ ಸಿಕ್ಕಿತು, ಹರಿಪ್ರಿಯಾಳನ್ನು ಕರೆತರಲು ಸ್ಟೇಷನ್ನಿಗೆ ನಾನೇ ಹೋಗುತ್ತೇನೆ! ಆಷಾಢಕ್ಕೆಂದು ತವರಿಗೆ ಹೋದ ಹೊಸ ಹೆಂಡತಿಗಾಗಿ ಒಂದು ತಿಂಗಳು ಕಾದಿದ್ದೇನೆ. ಕಾರ್ಖಾನೆಯ ಕಡ್ಡಾಯ ತಪಾಸಣೆಗಳ ದಿನಾಂಕಗಳನ್ನೆಲ್ಲ ಹೊಸ ಸಾಫ್ಟ್‌ವೇರ್‌ಗೆ ಹಾಕಿ ಮುಗಿಸಿದರೆ ಮಾತ್ರ ರಜೆ ಎಂದಿದ್ದರು ಮ್ಯಾನೇಜರ್ ಸೀತಾರಾಮ ಸರ್. ಮುಗಿಯಿತೆಂದು ನಾನು ಬೀಗುತ್ತಿದ್ದಾಗ ಬಾಯ್ಲರ್ ನೋಡಿಕೊಳ್ಳುವ ವೆಂಕಟ್ ಪರದೆಯ ಮೇಲೆ ಬೆರಳಿಟ್ಟ.

"ಏನ್ ಸಾರ್, ಸೆಪ್ಟೆಂಬರ್‌ನಾಗೆ ನಮ್ ಬಾಯ್ಲರ್‌ಗೂ ರಜಾನಾ? ಅದಕ್ಕೂ ಮದ್ವೆ ಆಯ್ತಾ?"

ಬಾಯ್ಲರ್ ತಪಾಸಣೆ ಪ್ರತಿ ತಿಂಗಳ ಕೊನೆಯ ದಿನ ಬರಲೆಂದು ನಾನು ತಾರೀಖು 31 ಎಂದು ಕೊಟ್ಟಿದ್ದೆ. ಮೂವತ್ತೊಂದಿಲ್ಲದ ತಿಂಗಳಲ್ಲಿ ತಪಾಸಣೆಯೇ ಇಲ್ಲ! ಕಾನ್ವೆಂಟಿನಲ್ಲಿ ಬೆರಳ ಗೆಣ್ಣುಗಳ ಮೇಲೆ ತಿಂಗಳೆಣಿಸಲು ಕಲಿತವನಿಗೆ ಎಂಥ ನಾಚಿಕೆ! 'ಕೊನೆಯ ದಿನ' ಎಂದು ತಿದ್ದಿ ಗುಂಡಿ ಒತ್ತಿದೆ. ಅಬ್ಬಾ! ಸೆಪ್ಟೆಂಬರ್ 30, ಫೆಬ್ರವರಿ 28, ಅಧಿಕ ವರ್ಷಕ್ಕೆ ತಪ್ಪದೆ 29. ಹತ್ತು ವರ್ಷದ ದಿನಗಳು ತಾವಾಗಿಯೇ ಸಾಲಾಗಿ ಬಂದು ನಿಂತವು. ಪಂಚಾಂಗ ಬರೆಯುವವರಿಗೂ ಹೀಗೇ ಅನಿಸುತ್ತದೇನೋ! ಇನ್ನೂ ಹುಟ್ಟದ ಅಷ್ಟೂ ದಿನಗಳಲ್ಲಿ ಅವಳು ನನ್ನ ಜೊತೆಗಿರುತ್ತಾಳೆ ಎನಿಸಿ ಮೈ ಜುಮ್ಮೆಂದಿತು. ಕಣ್ಣು ಕೀಳಲಾಗಲೇ ಇಲ್ಲ.

"ಸಾಕು ನೋಡಿದ್ದು, ಹೋಗಿ ಕರ್ಕೊಂಡ್ ಬಾರಪ್ಪ," ಎಂದರು ಸರ್.

ಶ್ರಾವಣದ ಮೊದಲ ಶುಕ್ರವಾರ, ಸಂಜೆಯ ಮಾರಿಕುಪ್ಪಂ ಪ್ಯಾಸೆಂಜರ್ ರೈಲಿನಲ್ಲಿ ಅವಳು ಬಂದಿಳಿಯುತ್ತಾಳೆ.