ನನ್ನ ಚೀಟಿಯಲ್ಲೂ ಅದೇ ಬರೆದಿತ್ತು

ಗೆಳೆಯ ಅಮರೇಶಾ,

ತೊಂಬತ್ತರ ದಶಕದಲ್ಲಿ ಜವಳಗೇರಾದಿಂದ ಭತ್ತ ತುಂಬಿಕೊಂಡು ಒಂದೇ ಲಾರಿಯನ್ನು ಸರದಿಯ ಮೇಲೆ ಓಡಿಸುತ್ತಿದ್ದೆವಲ್ಲ, ಆಗಲೇ ನಿನಗೆ ಬಿಡದ ಜ್ವರ ಹತ್ತಿತು. "ಒಬ್ಬಾವ ಹೋಗಾಕ ಅಂಜಿಕಿ ಬರಾಕತ್ತೈತಿ, ನೀನೂ ರಕ್ತ ಕೊಡು ಬಾರಲೇ" ಎಂದು ಲಿಂಗಸುಗೂರಿಗೆ ರಕ್ತ ಪರೀಕ್ಷೆಗೆ ನನ್ನನ್ನೂ ಎಳೆದುಕೊಂಡು ಹೋದೆ. ವಾರದ ಮೇಲೆ ಇಬ್ಬರ ಚೀಟಿಗಳನ್ನೂ ತರಲು ಹೋದವನು ನಾನೊಬ್ಬನೇ. ನಿನ್ನದನ್ನು ನಿನ್ನ ಕೈಗಿಟ್ಟೆ. ಎಚ್‌ಐವಿ ಎಂದು ಓದಿಕೊಂಡು ನೀನು ಮೊದಲು ಕೇಳಿದ್ದೇನು?

"ನಿಂದೇನಾತಲೇ ಶರಣ್ಯಾ?"

"ನಂದೇನಿಲ್ಲ" ಎಂದೆ ನಾನು.

"ಉಳಕೊಂಡಿ ಬಿಡು" ಎಂದು ನನ್ನ ಬೆನ್ನು ತಟ್ಟಿದೆ ನೀನು. ನನ್ನ ಚೀಟಿಯಲ್ಲೂ ಅದೇ ಬರೆದಿತ್ತು, ಅಮರೇಶಾ.

ರೋಗದ ಸುದ್ದಿ ತಿಳಿದು ಮಾಲೀಕ ನಿನ್ನನ್ನು ಲಾರಿಯಿಂದ ಇಳಿಸಿದ ದಿನ ನಾನು ಪಕ್ಕದಲ್ಲೇ ಇದ್ದೆ. "ಇವನ ಕೂಡ ಕುಂತು ಉಂಡೀಯೇನು?" ಎಂದು ಆತ ನನ್ನನ್ನು ಕೇಳಿದ. "ಇಲ್ರೀ, ನಾ ಬ್ಯಾರೇನಾ ಉಣ್ತಿದ್ದೆ" ಎಂದುಬಿಟ್ಟೆ. ಎಷ್ಟು ವರ್ಷ ಒಂದೇ ಬುತ್ತಿ ಬಿಚ್ಚಿದ್ದೆವೋ... ನೀನು ತಲೆ ಎತ್ತಲಿಲ್ಲ.

ಮಸ್ಕಿಯಲ್ಲಿ ನಿನ್ನ ಅಕ್ಕನ ಮನೆಯಲ್ಲಿ ನೀನು ಹಾಸಿಗೆ ಹಿಡಿದಾಗ ನಾನು ಒಮ್ಮೆ ಬಂದೆ. "ಒಳಗ ಬಾರಪಾ, ದಿನಾ ನಿನ್ನ ಹೆಸರಾ ತಗೀತಾನ" ಎಂದಳು ಅಕ್ಕ. ಹೊಸ್ತಿಲ ಆಚೆಯಿಂದಲೇ ಕಡ್ಡಿಯಾದ ನಿನ್ನ ಕೈಕಾಲು ಕಂಡವು. ನಾಳೆ ನಾನೂ ಹೀಗೆಯೇ ಎನ್ನಿಸಿತು. "ಲಾರಿ ನಿಂತೈತಿ" ಎಂದು ಸುಳ್ಳು ಹೇಳಿ ಬಸ್ಸು ಹತ್ತಿದೆ. ಹತ್ತು ದಿನಕ್ಕೆ ನೀನು ಹೋದ ಸುದ್ದಿ ಬಂತು.

ನಾನು ಮದುವೆ ಬೇಡವೆಂದು ಹಟ ಹಿಡಿದೆ. ನಾನು ಮಾಡಿದ ಸರಿ ಕೆಲಸ ಅದೊಂದೇ ಇರಬೇಕು. ವರ್ಷಗಳ ನಂತರ ಸರ್ಕಾರಿ ಆಸ್ಪತ್ರೆಗೆ ಈ ರೋಗದ ಮಾತ್ರೆ ಬಂದಾಗಲೂ ಯಾರಾದರೂ ಕಂಡಾರೆಂದು ಹೋಗಲಿಲ್ಲ. ಟಿಬಿ ಹಿಡಿದು ಮೂಳೆ ಎದ್ದ ಮೇಲೆಯೇ ಹೋದದ್ದು. ಮಾತ್ರೆಗೆ ವೈರಸ್ ಅಡಗಿತು, ಆದರೆ ರೋಗ ತಡೆಯುವ ರಕ್ತಕಣಗಳು ಏರಲೇ ಇಲ್ಲ.

"ಭಾಳ ತಡಾ ಮಾಡಿ ಬಂದೀರಿ, ಅದಕ್ಕಾ ನಿಧಾನ ಆಗಾಕತ್ತೈತಿ" ಎಂದರು ಡಾಕ್ಟರಮ್ಮ. "ಟಿಬಿ ಔಷಧ ಪೂರಾ ಮುಗಸ್ರಿ. ಬೀಡಿ ಬಿಡ್ರಿ, ಹೊಟ್ಟಿತುಂಬ ಉಣ್ರಿ. ಮಾತ್ರಿ ಒಂದು ದಿನಾನೂ ತಪ್ಪಸಬ್ಯಾಡ್ರಿ."

ತಪ್ಪಿಸಲಿಲ್ಲ. ಮೂರು ವರ್ಷ ಹಿಡಿಯಿತು. ಹೋದ ವಾರ ಸಿಂಧನೂರಿನಲ್ಲಿ ರಕ್ತಕಣಗಳು ಏರಿದ ಹೊಸ ರಿಪೋರ್ಟು ನೋಡಿ ಅವರು ನಕ್ಕರು. ನಾನು ಅಲ್ಲಿಂದ ನೇರ ಮಸ್ಕಿಗೆ ಹೋಗಿ ಅಕ್ಕನ ಮುಂದೆ ಎಲ್ಲ ಹೇಳಿದೆ.

ಆಕೆ "ಅವತ್ತಾ ಹೇಳಿದ್ದರ ನನ್ನ ತಮ್ಮ ಒಬ್ಬಾವನಾ ಸಾಯ್ತಿದ್ದಿಲ್ಲ" ಎಂದಳು. ಅಷ್ಟೇ. ನಾನು ಎದ್ದು ಬಂದೆ, ಆಕೆ ಕೂಡು ಎನ್ನಲಿಲ್ಲ.

ನಾನು ಇನ್ನೂ ಬಹಳ ವರ್ಷ ಬದುಕುತ್ತೇನಂತೆ, ಅಮರೇಶಾ. ನಿನಗೆ ಈ ಸುದ್ದಿ ಹೇಳಲು ನಾಚಿಕೆಯಾಗುತ್ತದೆ.

ನಿನ್ನ
ಶರಣಪ್ಪ